ಕ್ಯಾಮೆರಾದ ಮುಂದೆ ರಂಗವಿದ್ಯಾರ್ಥಿ: ನಟನಾಶಿಕ್ಷಣದ ಕೆಲವು ಪ್ರಶ್ನೆಗಳು

ರಂಗಭೂಮಿಯ ನಟರು ಚಿತ್ರರಂಗಕ್ಕೆ ಹೋಗುವುದು ಕನ್ನಡಕ್ಕೆ ಹೊಸ ಸಂಗತಿಯೇನಲ್ಲ. ೧೯೫೪ರ ‘ಬೇಡರ ಕಣ್ಣಪ್ಪ’ದ ಮೂಲಕ ನಾಯಕನಟರಾದ ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಆ ಕಾಲದ ಚಿತ್ರಗಳು ವೃತ್ತಿನಾಟಕದ ಕಥೆ, ಮಾತು, ಹಾಡುಗಳನ್ನು ಬಹುಮಟ್ಟಿಗೆ ಹಾಗೆಯೇ ಬಳಸಿಕೊಂಡದ್ದರಿಂದ ನಟನು ದಾಟಬೇಕಾಗಿದ್ದ ಹೊಳೆ ಅಷ್ಟೇನೂ ಅಗಲವಾಗಿರಲಿಲ್ಲ. ಇಂದು ಈ ದಾರಿಯಲ್ಲಿ ಸಾಗುವವರಲ್ಲಿ ಹಲವರು ನಾಟಕಶಾಲೆಗಳಲ್ಲಿ ವ್ಯವಸ್ಥಿತ ಶಿಕ್ಷಣ ಪಡೆದವರು. ಅವರು ಪ್ರವೇಶಿಸುವ ಮಾಧ್ಯಮವಾದರೋ ತನ್ನದೇ ವ್ಯಾಕರಣವನ್ನು ರೂಢಿಸಿಕೊಂಡಿರುವಂಥದು. ಈ ಅಂತರವನ್ನು ನಮ್ಮ ರಂಗಶಿಕ್ಷಣ ಹೇಗೆ ಗ್ರಹಿಸಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ದೃಷ್ಟಿಯಿಂದ ಹೆಗ್ಗೋಡಿನ ನಿದರ್ಶನ ಮಹತ್ವದ್ದು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಲ್ಲಿ ಚಿತ್ರಸಮಾಜ ಹುಟ್ಟಿದ್ದು ೧೯೭೩ರಲ್ಲಿ. ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾದದ್ದು ೧೯೮೦ರಲ್ಲಿ. ಅಂದರೆ ನಟನಾಶಾಲೆ ಬರುವುದಕ್ಕೆ ಏಳು ವರ್ಷ ಮೊದಲೇ ಆ ಮಲೆನಾಡಿನ ಹಳ್ಳಿಯಲ್ಲಿ ಸಿನಿಮಾ ಗಂಭೀರ ಅಧ್ಯಯನದ ವಸ್ತುವಾಗಿತ್ತು. ಆದರೆ ಅದು ಅಲ್ಲಿ ಮುಖ್ಯವಾಗಿ ‘ನೋಡುವ’ ವಿದ್ಯೆಯಾಗಿ ಬೆಳೆಯಿತು. ಚಿತ್ರ ರಸಗ್ರಹಣ ಶಿಬಿರಗಳು ಪ್ರೇಕ್ಷಕನನ್ನು ಸಿದ್ಧಗೊಳಿಸಿದವು. ರಂಗಶಿಕ್ಷಣ ಕೇಂದ್ರ ರಂಗನಟನನ್ನು ಸಿದ್ಧಗೊಳಿಸಿತು. ಎರಡೂ ಒಂದೇ ಅಂಗಳದಲ್ಲಿದ್ದರೂ ಪಾಠಗಳಾಗಿ ಬೇರೆಬೇರೆಯಾಗಿಯೇ ಉಳಿದವು. ಸಂಸ್ಥೆಯ ಗುರಿ ರಂಗಭೂಮಿಯೇ ಆಗಿದ್ದುದರಿಂದ ಇದನ್ನು ಕೊರತೆಯೆನ್ನಲಾಗದು. ಆದರೂ ಅಲ್ಲಿ ಕಲಿತ ಅಚ್ಯುತ್ ಕುಮಾರ್, ಸತೀಶ್ ಮೊದಲಾದವರು ಪರದೆಯ ಮೇಲೆ ನೆಲೆ ಕಂಡರು. ೨೦೧೩ರ ‘ಲೂಸಿಯಾ’ದಲ್ಲಿ ಇಬ್ಬರೂ ಇದ್ದಾರೆ. ಸತೀಶರ ಮಟ್ಟಿಗಂತೂ ಶಾಲೆಯ ಹೆಸರೇ ನಟನ ಹೆಸರಿನ ಭಾಗವಾಗಿ ಭಿತ್ತಿಪತ್ರವನ್ನೇರಿತು.

ನಾಟಕಶಾಲೆಗಳ ವಲಯದಲ್ಲಿ ಈ ಯಶಸ್ಸಿನ ಬಗೆಗೆ ಒಂದು ವಿಚಿತ್ರ ಮುಜುಗರವಿದೆ. ಚಿತ್ರನಟರಾದ ಹಳೆಯ ವಿದ್ಯಾರ್ಥಿಗಳನ್ನು ಸಮಾರಂಭಗಳಿಗೆ ಆದರದಿಂದ ಕರೆಯುತ್ತೇವೆ. ಪಠ್ಯಕ್ರಮದಲ್ಲಿ ಮಾತ್ರ ಅವರ ವೃತ್ತಿಯನ್ನು ಕುರಿತು ಒಂದು ಪುಟವೂ ಇರುವುದಿಲ್ಲ. ಶಿಕ್ಷಣ ಮುಗಿಸಿದವರಲ್ಲಿ ಕೆಲವರಿಗಷ್ಟೇ ತಿರುಗಾಟದ ತಂಡಗಳಲ್ಲೋ ರೆಪರ್ಟರಿಗಳಲ್ಲೋ ಸ್ಥಾನ ದೊರೆಯುತ್ತದೆ. ಉಳಿದವರಲ್ಲಿ ಅನೇಕರು ಬೆಂಗಳೂರಿನ ಬಸ್ಸು ಹತ್ತುತ್ತಾರೆಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು.

ಹೀಗೆ ಹೊರಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ‘ಅಭಿನಯ ಕಡಿಮೆ ಮಾಡಿ.’ ರಂಗದ ಮೇಲೆ ಕೊನೆಯ ಸಾಲಿನವರೆಗೆ ಮುಟ್ಟಬೇಕು, ಕ್ಯಾಮೆರಾ ಹತ್ತಿರವಿರುತ್ತದೆ, ಆದ್ದರಿಂದ ಧ್ವನಿಯನ್ನೂ ಚಲನೆಯನ್ನೂ ತಗ್ಗಿಸಿದರಾಯಿತು ಎಂಬುದು ಇದರ ಹಿಂದಿನ ತರ್ಕ. ಈ ತರ್ಕ ಅರೆಸತ್ಯವಾದುದು. ಇದನ್ನೇ ನಂಬಿದ ನಟ ಕ್ಯಾಮೆರಾದ ಮುಂದೆ ಬರಿದಾಗಿ ನಿಲ್ಲುತ್ತಾನೆ. ತಗ್ಗಿಸುವ ಭರದಲ್ಲಿ ಒಳಗಿನ ಸತ್ವವೂ ಇಳಿದುಹೋಗಿರುತ್ತದೆ. ಭರತನು ಹೇಳುವ ನಾಲ್ಕು ಅಭಿನಯಗಳಲ್ಲಿ ಆಂಗಿಕವನ್ನು ಕುಗ್ಗಿಸಬಹುದು, ಸಾತ್ತ್ವಿಕವನ್ನು ಕುಗ್ಗಿಸಿದರೆ ಉಳಿಯುವುದೇನು? ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ (೧೯೭೫) ಚೋಮನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾವ್ ಅವರೂ ರಂಗಭೂಮಿಯಿಂದ ಬಂದವರೇ. ಆ ಪಾತ್ರದ ಆವೇಶವನ್ನು ‘ಕಡಿಮೆ’ಯೆಂಬ ಮಾತಿನಿಂದ ವಿವರಿಸಲು ಬರುವುದಿಲ್ಲ.

ನಿಜವಾದ ವ್ಯತ್ಯಾಸವಿರುವುದು ಕಾಲದ ವಿನ್ಯಾಸದಲ್ಲಿ. ನಾಟಕದಲ್ಲಿ ನಟ ಎರಡು ಗಂಟೆ ಅಖಂಡವಾಗಿ ಪಾತ್ರದೊಳಗಿದ್ದು ಕ್ರಮಕ್ರಮವಾಗಿ ಶಿಖರಕ್ಕೇರುತ್ತಾನೆ. ಹಿಂದಿನ ದೃಶ್ಯವೇ ಮುಂದಿನ ದೃಶ್ಯಕ್ಕೆ ಉಸಿರು ಒದಗಿಸುತ್ತದೆ. ಚಿತ್ರೀಕರಣದಲ್ಲಿ ಮಗನ ಸಾವನ್ನು ಬೆಳಗ್ಗೆಯೂ ಅದೇ ಮಗನ ಮದುವೆಯನ್ನು ಮಧ್ಯಾಹ್ನವೂ ಅಭಿನಯಿಸಬೇಕಾಗಬಹುದು, ಏಕೆಂದರೆ ಎರಡೂ ಒಂದೇ ಮನೆಯಲ್ಲಿ ನಡೆಯುತ್ತವೆ. ಅತ್ತ ಕಣ್ಣೀರು, ಎತ್ತಿದ ಕೈ, ಅರ್ಧ ಕುಡಿದ ಲೋಟ, ಎಲ್ಲವನ್ನೂ ಇನ್ನೊಂದು ಕೋನದಿಂದ ಮತ್ತೆ ಹಾಗೆಯೇ ಕೊಡಬೇಕು. ಎದುರಿನ ಪಾತ್ರಧಾರಿ ಅಲ್ಲಿಲ್ಲದಿದ್ದರೆ ಸಹಾಯಕನ ಮುಷ್ಟಿಯನ್ನೇ ಪ್ರೇಯಸಿಯೆಂದು ದಿಟ್ಟಿಸಬೇಕು. ಇಷ್ಟಾಗಿಯೂ ಅಂತಿಮ ಅರ್ಥ ನಟನ ಕೈಯಲ್ಲಿರುವುದಿಲ್ಲ. ಸುಮಾರು ಒಂದು ಶತಮಾನದ ಹಿಂದೆ ರಷ್ಯದ ಕುಲೆಶೊವ್ ಒಬ್ಬನೇ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕದಲ್ಲೂ ಶವಪೆಟ್ಟಿಗೆಯ ಪಕ್ಕದಲ್ಲೂ ಜೋಡಿಸಿ ತೋರಿಸಿದಾಗ, ನೋಡಿದವರು ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡರೆಂದು ಪ್ರಸಿದ್ಧಿ. ಸಂಕಲನದ ಈ ಅಧಿಕಾರವನ್ನು ಅರಿಯದ ರಂಗವಿದ್ಯಾರ್ಥಿ ಪ್ರತಿ ತುಣುಕಿನಲ್ಲೂ ಇಡೀ ಪಾತ್ರವನ್ನು ಹೇಳಿಬಿಡಲು ಹೊರಡುತ್ತಾನೆ. ‘ಅತಿಯಾಯಿತು’ ಎಂದು ನಿರ್ದೇಶಕರು ಆಕ್ಷೇಪಿಸುವುದು ಬಹುತೇಕ ಇದನ್ನೇ.

ವಾಚಿಕದ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಕನ್ನಡ ಚಿತ್ರಗಳಲ್ಲಿ ಮಾತನ್ನು ನಂತರ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ದೇಹದ ದಣಿವಿಲ್ಲದೆ ದಣಿದ ದನಿಯನ್ನು ತರುವ ಈ ಕೆಲಸದಲ್ಲಿ ರಂಗಶಿಕ್ಷಣದ ಉಸಿರಾಟದ ಅಭ್ಯಾಸ ಅತ್ಯಂತ ಉಪಯುಕ್ತ. ದೈನಿಕ ಧಾರಾವಾಹಿಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಸಂಭಾಷಣೆ ಕೈಸೇರುವುದು ಚಿತ್ರೀಕರಣಕ್ಕೆ ತುಸು ಮುಂಚೆ. ಮರೆಯಿಂದ ಒಬ್ಬರು ಓದಿಕೊಡುತ್ತಾರೆ, ನಟ ಅದನ್ನು ಕೇಳುತ್ತಲೇ ನುಡಿಯುತ್ತಾನೆ. ಕಂಪನಿ ನಾಟಕಗಳ ಸೈಡ್‌ವಿಂಗ್‌ನಲ್ಲಿ ಕುಳಿತಿರುತ್ತಿದ್ದ ಪ್ರಾಂಪ್ಟರನನ್ನು ಆಧುನಿಕ ರಂಗಭೂಮಿ ಹಟತೊಟ್ಟು ಹೊರಹಾಕಿತ್ತು; ಅವನು ಕಿರುತೆರೆಯ ಹಿಂಬಾಗಿಲಿನಿಂದ ಮರಳಿ ಬಂದಿದ್ದಾನೆ! ತಿಂಗಳುಗಟ್ಟಲೆ ಪಠ್ಯವನ್ನು ಮಥಿಸಿ ಮಾತನ್ನು ತನ್ನದಾಗಿಸಿಕೊಳ್ಳಲು ಕಲಿತವನು ಇಲ್ಲಿ ಕಕ್ಕಾಬಿಕ್ಕಿಯಾಗುವುದು ಸಹಜ.

ನಾಸಿರುದ್ದೀನ್ ಷಾ, ಓಂ ಪುರಿ ಇಬ್ಬರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಬಳಿಕ ಪುಣೆಯ ಚಲನಚಿತ್ರ ಸಂಸ್ಥೆಯಲ್ಲೂ ಕಲಿತರು. ಎರಡು ಮಾಧ್ಯಮಗಳ ನಡುವೆ ಅವರಿಗೆ ಒಂದು ಎರಡನೆಯ ಶಾಲೆಯಿತ್ತು. ೧೯೭೦ರ ದಶಕದಲ್ಲಿ ನಿಂತುಹೋದ ಅಲ್ಲಿನ ನಟನಾ ಕೋರ್ಸು ಪುನರಾರಂಭವಾದದ್ದು ೨೦೦೪ರಲ್ಲಿ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಚಿತ್ರೀಕರಣದ ಸ್ಥಳವೇ ಎರಡನೆಯ ಶಾಲೆ. ಅಲ್ಲಿ ತಪ್ಪಿಗೆ ತಿದ್ದುಪಡಿ ಸಿಗುವುದಿಲ್ಲ, ಮುಂದಿನ ಅವಕಾಶ ತಪ್ಪುತ್ತದೆ.

ಹಾಗೆಂದು ನಾಟಕಶಾಲೆಯನ್ನು ಚಿತ್ರರಂಗಕ್ಕೆ ನಟರನ್ನು ಪೂರೈಸುವ ಕೇಂದ್ರವನ್ನಾಗಿಸಬೇಕೆಂಬುದು ಈ ಲೇಖಕನ ಅಭಿಪ್ರಾಯವಲ್ಲ. ಯಕ್ಷಗಾನದ ಹೆಜ್ಜೆ, ಸಂಸ್ಕೃತ ನಾಟಕದ ವಾಚನ, ರಂಗಸಜ್ಜಿಕೆಯ ಮರಗೆಲಸ ಇವೆಲ್ಲ ಪರದೆಗೆ ನೇರವಾಗಿ ಒದಗುವುದಿಲ್ಲವೆಂದು ಕೈಬಿಟ್ಟರೆ, ಪರದೆ ಇಂದು ಈ ನಟರಲ್ಲಿ ಮೆಚ್ಚುತ್ತಿರುವ ಗುಣವೇ ಬತ್ತಿಹೋದೀತು. ಬೇಕಾಗಿರುವುದು ಕೆಲವು ವಾರಗಳ ಸೇರ್ಪಡೆ. ಅಭ್ಯಾಸವಾಗಿರುವ ನಾಟಕದ ಒಂದು ದೃಶ್ಯವನ್ನೇ ತುಂಡುಮಾಡಿ, ಹಿಂದುಮುಂದಾಗಿ ಚಿತ್ರೀಕರಿಸಿ, ವಿದ್ಯಾರ್ಥಿಯೇ ಅದನ್ನು ಸಂಕಲಿಸುವಂತೆ ಮಾಡಬಹುದು. ಅದಕ್ಕೆ ಮೊಬೈಲ್ ಫೋನಿನ ಕ್ಯಾಮೆರಾ ಸಾಕು. ಜೊತೆಗೆ ಕಾಲ್‌ಶೀಟ್ ಎಂದರೇನು, ಸಂಭಾವನೆಯನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡಾಗ ರಾತ್ರಿಯ ಚಿತ್ರೀಕರಣ ಯಾವ ಲೆಕ್ಕಕ್ಕೆ ಸೇರುತ್ತದೆ, ಕರಾರುಪತ್ರದ ಯಾವ ಸಾಲನ್ನು ಎರಡು ಸಲ ಓದಬೇಕು ಎಂಬುದನ್ನೂ ಹೇಳಿಕೊಡಬೇಕು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ, ಅದರಲ್ಲೂ ವಿದ್ಯಾರ್ಥಿನಿಗೆ, ಈ ಮಾತುಗಳನ್ನು ಹೇಳುವವರು ನಗರದಲ್ಲಿ ಬೇರೆ ಯಾರೂ ಇರುವುದಿಲ್ಲ.