‘ನಿಯಂತ್ರಣ’ ಯಾವ ಕುಂಡದಲ್ಲಿದೆ? ವಿಜ್ಞಾನವಿಧಾನದ ಮೂಲಪದಗಳನ್ನು ಕುರಿತು

ಶಾಲಾ ವಿಜ್ಞಾನದ ಕನ್ನಡ ಪರಿಭಾಷೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪದಗಳ ಕುಲವನ್ನು ಕುರಿತದ್ದಾಗಿದೆ: ಸಂಸ್ಕೃತವೋ, ಅಚ್ಚಗನ್ನಡವೋ, ಇಂಗ್ಲಿಷಿನ ಎರವಲೋ ಎಂದು. ಪದವೊಂದು ವಿದ್ಯಾರ್ಥಿಯ ಗಮನವನ್ನು ಎತ್ತ ತಿರುಗಿಸುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅದನ್ನು ನಾವಿಲ್ಲಿ ಮುಖ್ಯವಾಗಿ ‘ನಿಯಂತ್ರಣ’ ಎಂಬ ಪದದ ಮೂಲಕ ಪರಿಶೀಲಿಸುತ್ತೇವೆ.

ದ್ಯುತಿಸಂಶ್ಲೇಷಣೆಗೆ ಕಾರ್ಬನ್ ಡೈಆಕ್ಸೈಡ್ ಅಗತ್ಯವೆಂದು ತೋರಿಸುವ ಪ್ರಯೋಗ ಪರಿಚಿತವಾದದ್ದು. 3 ದಿನ ಕತ್ತಲೆಯಲ್ಲಿಟ್ಟ ಎರಡು ಸಸ್ಯದ ಕುಂಡಗಳನ್ನು ಗಾಜಿನ ಜಾಡಿಗಳಿಂದ ಮುಚ್ಚಿ, ಮೊದಲನೆಯದರ ಬಳಿ ಮಾತ್ರ ಆ ಅನಿಲವನ್ನು ಹೀರಿಕೊಳ್ಳುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಡುತ್ತಾರೆ. ಬಿಸಿಲಿನಲ್ಲಿಟ್ಟ ಬಳಿಕ ಎಲೆಗಳ ಹರಿತ್ತನ್ನು ತೆಗೆದು ಅಯೋಡಿನ್ ದ್ರಾವಣದಿಂದ ಪರೀಕ್ಷಿಸಿದರೆ, ಪಿಷ್ಟವಿರುವ ಎರಡನೆಯ ಸಸ್ಯದ ಎಲೆ ಕಡುನೀಲಿಯಾಗುತ್ತದೆ.

ಇಲ್ಲಿ ‘ನಿಯಂತ್ರಣ’ ಯಾವುದು? ಶಾಸ್ತ್ರದ ಪ್ರಕಾರ ಎರಡನೆಯ ಕುಂಡ. ಆದರೆ ಕನ್ನಡದಲ್ಲಿ ನಿಯಂತ್ರಣವೆಂದರೆ ಹತೋಟಿ, ತಡೆ: ಬೆಲೆ ನಿಯಂತ್ರಣ, ರೋಗ ನಿಯಂತ್ರಣ, ಸಂಚಾರ ನಿಯಂತ್ರಣ. ಈ ಬಳಕೆಯನ್ನು ನಂಬಿದ ವಿದ್ಯಾರ್ಥಿಯು ಅನಿಲವನ್ನು ತಡೆದ ಮೊದಲ ಕುಂಡವನ್ನೇ ತೋರಿಸುವುದು ಸಹಜ. ಅವನ ಕನ್ನಡ ಸರಿಯಾಗಿದ್ದಷ್ಟೂ ಉತ್ತರ ತಪ್ಪಾಗುತ್ತದೆ.

ಇಂಗ್ಲಿಷಿನ ‘ಕಂಟ್ರೋಲ್’ ಮೂಲತಃ ಲೆಕ್ಕವನ್ನು ತಾಳೆ ನೋಡಲು ಇಡುತ್ತಿದ್ದ ಪ್ರತಿಸುರುಳಿಗೆ ಸಂಬಂಧಿಸಿದ ಪದ. ಪ್ರಯೋಗದಲ್ಲಿನ ಅರ್ಥ ಇದಕ್ಕೆ ಹತ್ತಿರ. ಕನ್ನಡಕ್ಕೆ ಬಂದದ್ದು ಹತೋಟಿಯ ಅರ್ಥ. ‘ನಿಯಂತ್ರಿತ ಚರ’ ಎಂಬಲ್ಲಿ ಅದು ಹೊಂದುತ್ತದೆ, ಏಕೆಂದರೆ ಅಲ್ಲಿ ಬೆಳಕು, ನೀರು, ಅವಧಿಗಳನ್ನು ಬದಲಾಗದಂತೆ ಹಿಡಿದಿಡಲಾಗುತ್ತದೆ. ಹೋಲಿಕೆಗೆಂದು ಇಟ್ಟ ಕುಂಡಕ್ಕೆ ಹೊಂದದು. ಇಂಗ್ಲಿಷಿನಲ್ಲಿ ಬೆರೆತಿರುವ ಈ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸುವ ಅವಕಾಶ ಕನ್ನಡಕ್ಕಿತ್ತು. ನಾವು ಆ ಬೆರಕೆಯನ್ನೂ ಅನುವಾದಿಸಿಕೊಂಡೆವು.

ವ್ಯಾಖ್ಯೆ ಕೊಟ್ಟರೆ ಸಾಕು, ‘ಬಲ’, ‘ಕೆಲಸ’ ಮುಂತಾದ ನಿತ್ಯದ ಪದಗಳೂ ಭೌತಶಾಸ್ತ್ರದಲ್ಲಿ ನೆಲೆನಿಂತಿಲ್ಲವೇ ಎಂಬ ಆಕ್ಷೇಪ ಬರಬಹುದು. ಅಲ್ಲಿ ಶಾಸ್ತ್ರಾರ್ಥವು ರೂಢಾರ್ಥವನ್ನು ಕಿರಿದುಗೊಳಿಸುತ್ತದೆ. ಇಲ್ಲಿ ಅದಕ್ಕೆ ಎದುರಾಗುತ್ತದೆ. ಎದುರಾದಾಗ ಗೆಲ್ಲುವುದು ರೂಢಿಯೇ. ನ್ಯಾಯದರ್ಶನದಲ್ಲಿ ‘ಅನುಮಾನ’ವು ಹೊಗೆಯಿಂದ ಬೆಂಕಿಯನ್ನು ತಿಳಿಯುವ ಪ್ರಮಾಣ, ಇಂದಿನ ಕನ್ನಡದಲ್ಲಿ ಅದು ಶಂಕೆ. ‘ದತ್ತಾಂಶದಿಂದ ಅನುಮಾನಿಸಿ’ ಎಂದರೆ ವಿದ್ಯಾರ್ಥಿ ದತ್ತಾಂಶವನ್ನೇ ಶಂಕಿಸಿಯಾನು.

ಒಂದೇ ಪರಿಕಲ್ಪನೆಗೆ ಎರಡು ಪದಗಳಾದಾಗಲೂ ತೊಡಕುಂಟು. ಐನ್‌ಸ್ಟೈನರದು ‘ಸಾಪೇಕ್ಷತಾ ಸಿದ್ಧಾಂತ’ವಾದರೆ, ಡಾರ್ವಿನ್ನರದು ‘ವಿಕಾಸವಾದ’. ಒಂದು ಸಿದ್ಧಗೊಂಡದ್ದು, ಇನ್ನೊಂದು ಇನ್ನೂ ವಾದದಲ್ಲಿರುವುದು ಎಂಬ ಭೇದ ವಿಜ್ಞಾನದಲ್ಲಿಲ್ಲ. ಅದು ಪದಗಳು ಹುಟ್ಟಿಸಿದ್ದು.

ಆದ್ದರಿಂದ ‘ನಿಯಂತ್ರಣ’ವನ್ನು ಚರಗಳಿಗೆ ಉಳಿಸಿ, ಎರಡನೆಯ ಕುಂಡವನ್ನು ‘ಹೋಲಿಕೆಯ ಕುಂಡ’ವೆಂದೂ, ಅಂಥ ಏರ್ಪಾಡನ್ನು ‘ಹೋಲಿಕೆ ಪ್ರಯೋಗ’ವೆಂದೂ ಕರೆಯಬಹುದೆಂದು ನಾವು ಸೂಚಿಸುತ್ತೇವೆ. ‘ತಾಳೆ’ ಎಂಬ ಪದ ಅರ್ಥಕ್ಕೆ ಇನ್ನೂ ಹತ್ತಿರವಾದರೂ, ಸಸ್ಯದ ಕುಂಡದ ಪಕ್ಕದಲ್ಲಿ ಅದು ಮರವನ್ನೇ ನೆನಪಿಸೀತು. ಪದದ ಕುಲ ಯಾವುದಾದರೂ ಇರಲಿ. ವಿದ್ಯಾರ್ಥಿಯ ಬೆರಳು ಸರಿಯಾದ ಕುಂಡದತ್ತ ಹೋಗಬೇಕು.