ಮುಟ್ಟಿ ನೋಡು: ರಾತ್ರಿ ಪಾಳಿಯ ಕಲಿಕೆ ಕುರಿತು

ಮಲವಗೊಪ್ಪದ ಬಸ್ ಸ್ಟಾಪಿನಲ್ಲಿ ಸಂಜೆ ಏಳರ ಹೊತ್ತಿಗೆ, ಬಿಳಿ ಕೋಟನ್ನು ಮಡಚಿ ಕೈಮೇಲೆ ಹಾಕಿಕೊಂಡ ನರ್ಸಿಂಗ್ ಹುಡುಗಿಯರು ಕೆಲವು ದಿನ ಕಾಣಸಿಗುತ್ತಾರೆ. ಭದ್ರಾವತಿ ಕಡೆಯಿಂದ ಬರುವ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರೆ ಎಂಟಕ್ಕೆ ನೈಟ್ ಡ್ಯೂಟಿ. ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳೂ ಅವರಲ್ಲಿ ಒಬ್ಬಳು. ನಮ್ಮ ಮನೆಯಲ್ಲೇ ಇದ್ದು ಓದುವವಳು, ಬಿ.ಎಸ್ಸಿ. ನರ್ಸಿಂಗ್ ನಾಲ್ಕನೆಯ ಸೆಮಿಸ್ಟರ್. ಹದಿನಾಲ್ಕು ರಾತ್ರಿಯ ಅಬ್ಸರ್ವೇಶನ್ ಪೋಸ್ಟಿಂಗ್. ಕಾಲೇಜಿನವರು ಹೇಳಿ ಕಳಿಸಿದ್ದು ಇಷ್ಟೆ: ಒಬ್ಬ ಸಿಸ್ಟರ್ ಜೊತೆ ಇರು, ಏನು ಮಾಡುತ್ತಾರೋ ನೋಡು, ಲಾಗ್ ಬುಕ್ ತುಂಬಿಸಿ ಸಹಿ ಹಾಕಿಸಿಕೊಂಡು ಬಾ.

ಪೋಸ್ಟಿಂಗ್ ಮುಗಿದ ಮೇಲೆ ಆ ಲಾಗ್ ಬುಕ್ ಕೇಳಿ ಇಸಿದುಕೊಂಡು ಓದಿದೆ. ಅದನ್ನು ಓದಿದ್ದರಿಂದಲೇ ಈ ಪದ್ಧತಿಯ ಬಗ್ಗೆ ಬರೆಯಬೇಕೆನಿಸಿತು. ಆಸ್ಪತ್ರೆಯ ಹೆಸರು, ಕಾಲೇಜಿನ ಹೆಸರು ಇಲ್ಲಿ ಬೇಡ. ನಾನು ಹೇಳುವುದು ಒಂದು ಕಟ್ಟಡದ ತಪ್ಪಲ್ಲ.

ಪುಸ್ತಕದಲ್ಲಿ ಕಾಲಂಗಳಿವೆ. ದಿನಾಂಕ, ವಾರ್ಡು, ಮಾಡಿದ ಪ್ರೊಸೀಜರ್, ನೋಡಿದ್ದೋ ನೆರವಾದದ್ದೋ ಸ್ವತಃ ಮಾಡಿದ್ದೋ, ಮೇಲ್ವಿಚಾರಕರ ಸಹಿ. ಮೊದಲ ಮೂರು ರಾತ್ರಿಯ ಬರಹ ಒಂದೇ ಥರ ಇದೆ: ಬಿ.ಪಿ. ನೋಡಿದೆ, ಟೆಂಪರೇಚರ್ ಬರೆದೆ, ಕ್ಯಾನುಲಾ ಹಾಕುವುದು ನೋಡಿದೆ. ನಡೆದದ್ದು ಬೇರೆ. ಮೊದಲ ರಾತ್ರಿ ಅವಳು ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಆರು ಸಲ ಹೋಗಿಬಂದಳು. ಎರಡನೆಯ ರಾತ್ರಿ ಎಕ್ಸ್‌ರೇಗೆ ಟ್ರಾಲಿ ತಳ್ಳಿದಳು, ಆಯಾ ಬಂದಿರಲಿಲ್ಲ. ಮೂರನೆಯ ರಾತ್ರಿ ಕೇಸ್ ಶೀಟುಗಳಿಗೆ ಗೆರೆ ಎಳೆದು ಕೊಟ್ಟಳು. ಯಾರೂ ಅವಳನ್ನು ಗದರಿಸಲಿಲ್ಲ, ಚಹಾ ತರಿಸಿಕೊಟ್ಟರು. ಆದರೆ ಸಿಸ್ಟರ್ ಜೊತೆಗಿದ್ದ ಸಮಯ ಕೂಡಿಸಿದರೆ ಒಂದು ರಾತ್ರಿಗೆ ಒಂದು ಗಂಟೆಯೂ ಆಗುವುದಿಲ್ಲ. ನೋಡಲು ಬಂದವಳನ್ನು ಓಡಾಟಕ್ಕೆ ಹಚ್ಚಿದ ಮೇಲೆ ಅದನ್ನು ಕಲಿಕೆ ಎನ್ನುವುದು ಹೇಗೆ? ಅದು ಸಂಬಳವಿಲ್ಲದ ಚಾಕರಿ.

ಸಿಸ್ಟರ್‌ಗಳನ್ನೂ ದೂರುವ ಹಾಗಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ರೋಗಿಗಳಿಗೆ ಒಬ್ಬ ನರ್ಸ್ ಬೇಕು, ಬೇರೆ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು. ಅವಳಿದ್ದ ವಾರ್ಡಿನಲ್ಲಿ ರಾತ್ರಿ ಇದ್ದದ್ದು ಇಬ್ಬರು, ರೋಗಿಗಳು ಮೂವತ್ತರ ಮೇಲೆ. ಅಂಥಲ್ಲಿ ಎರಡು ಎಳೆಯ ಕೈ ಸಿಕ್ಕಿದರೆ ಯಾರಾದರೂ ಬಳಸಿಕೊಳ್ಳುತ್ತಾರೆ. ಪಾಠ ಹೇಳಬೇಕಾದವರಿಗೆ ಅದಕ್ಕೆಂದು ಒಂದು ನಿಮಿಷವನ್ನೂ ಯಾರೂ ಲೆಕ್ಕ ಹಿಡಿದಿಲ್ಲ.

ನಾಲ್ಕನೆಯ ರಾತ್ರಿ ಹಿರಿಯ ಸಿಸ್ಟರ್ ಒಬ್ಬರು ರಜೆ ಮುಗಿಸಿ ಬಂದರು. ಬಂದವರೇ ಅವಳಿಗೆ ಹೇಳಿದ್ದು: “ಇವತ್ತು ನೀನು ಎಲ್ಲಿಗೂ ಹೋಗ್ಬೇಡಮ್ಮ. ನನ್ನ ಹಿಂದೇ ಇರು.” ಎಂಟಕ್ಕೆ ಸಂಜೆ ಪಾಳಿಯವರು ಓವರ್ ಕೊಡುವಾಗ, ಎಂದರೆ ರೋಗಿಗಳ ವಿವರ ಹೇಳಿ ಪಾಳಿ ಒಪ್ಪಿಸುವಾಗ, ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪ್ರತಿ ಮಂಚದ ಬಳಿ ಹೋದಾಗಲೂ ರೋಗಿಗೆ, “ಇವಳು ಕಲಿಯೋಳು, ರಾತ್ರಿಯೆಲ್ಲ ನನ್ ಜೊತೆ ಇರ್ತಾಳೆ, ಪರವಾಗಿಲ್ವಾ?” ಎಂದು ಕೇಳಿದರು. ಹಿಂದಿನ ಮೂರು ರಾತ್ರಿ ಅವಳು ಯಾರೆಂದು ಯಾವ ರೋಗಿಗೂ ಯಾರೂ ಹೇಳಿರಲಿಲ್ಲ. ಬೆಡ್‌ಪ್ಯಾನ್ ಇಡುವ ಹೊತ್ತಿನಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ನಿಂತು ನೋಡುತ್ತಿದ್ದರೆ ಮಲಗಿರುವವರಿಗೆ ಹೇಗನಿಸಬೇಡ? ನಾನು ನಮ್ಮಮ್ಮನ ಮಂಚದ ಪಕ್ಕ ಆರು ರಾತ್ರಿ ಕೂತವನು, ಅಮ್ಮ ಆಗ ಮುಖ ಗೋಡೆಗೆ ತಿರುಗಿಸಿದ್ದು ಇನ್ನೂ ಕಣ್ಣಲ್ಲಿದೆ. ನೋಡುವುದಕ್ಕೂ ಅನುಮತಿ ಬೇಕು ಎಂಬುದನ್ನು ಆ ಸಿಸ್ಟರ್ ಬಾಯಲ್ಲಿ ಹೇಳಿಕೊಡಲಿಲ್ಲ, ಮಂಚದಿಂದ ಮಂಚಕ್ಕೆ ಕೇಳುತ್ತ ಹೋದರು.

ಹತ್ತು ಗಂಟೆಗೆ ಡ್ರಿಪ್ ಲೆಕ್ಕ. 500 ಮಿ.ಲೀ. ಬಾಟಲಿ 8 ಗಂಟೆಯಲ್ಲಿ ಇಳಿಯಬೇಕು, ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ. ಹತ್ತು ಸಾವಿರ ಹನಿಯನ್ನು 480 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 21. ಇವಳು ವಾಚ್ ಹಿಡಿದು ಎಣಿಸಿದಳು. ಸಿಸ್ಟರ್ ವಾಚ್ ನೋಡದೆ ಗಾಲಿ ತಿರುಗಿಸಿ ನಿಲ್ಲಿಸಿದರು, ಇವಳು ಎಣಿಸಿದರೆ 22 ಇತ್ತು.

ಬೆಳಗಿನ ಜಾವ ಮೂರು. ಮೂಲೆಯ ಮಂಚದಲ್ಲಿ ಇನ್ಸುಲಿನ್ ಮೇಲಿದ್ದ ಒಬ್ಬ ಮುದುಕಿ. ಇವಳು ಟಾರ್ಚ್ ಬೆಳಕು ಬಿಟ್ಟು ನೋಡಿ, ಉಸಿರು ಎಣಿಸಿ, ಚಾರ್ಟಿನಲ್ಲಿ ‘ಚೆನ್ನಾಗಿ ನಿದ್ರಿಸುತ್ತಿದ್ದಾರೆ’ ಎಂದು ಬರೆಯಹೊರಟಿದ್ದಳು. ಸಿಸ್ಟರ್ ಪೆನ್ನು ತಡೆದರು. “ಮುಟ್ಟಿ ನೋಡು. ಹಣೆ ಅಲ್ಲ, ಕತ್ತಿನ ಹಿಂದೆ.” ದಿಂಬು ಒದ್ದೆ, ಚರ್ಮ ತಣ್ಣಗೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ 46. ಡ್ಯೂಟಿ ಡಾಕ್ಟರಿಗೆ ಫೋನ್ ಹೋಯಿತು, ಕ್ಯಾನುಲಾದಲ್ಲಿ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹೋಯಿತು. ಕಾಲು ಗಂಟೆಯಲ್ಲಿ ಮುದುಕಿ ಕಣ್ಣು ಬಿಟ್ಟು ನೀರು ಕೇಳಿದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಇವಳು ಕೇಳಿದ್ದಕ್ಕೆ ಸಿಸ್ಟರ್, “ಓವರ್ ಕೊಡುವಾಗ ಏನ್ ಹೇಳಿದ್ರು? ಗಂಜಿ ಎರಡೇ ಚಮಚ ಕುಡಿದಿದ್ದಾರೆ ಅಂತ. ನಾನು ಅವಾಗಿಂದ ಇವ್ರನ್ನೇ ಕಾಯ್ತಿದ್ದೆ” ಎಂದರಂತೆ.

ಈ ಪದ್ಧತಿಯಲ್ಲಿ ಕಲಿಯುವುದು ಏನಿದೆಯೋ ಅದೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನನ್ನ ನಂಬಿಕೆ. ಸಂಜೆ ಕೇಳಿದ ಎರಡು ಚಮಚ ಗಂಜಿಯನ್ನು ಏಳು ಗಂಟೆ ಮನಸ್ಸಿನಲ್ಲಿಟ್ಟುಕೊಂಡು ಕಾಯುವುದು. ಸ್ಕಿಲ್ ಲ್ಯಾಬಿನ ಬೊಂಬೆಯ ಮೇಲೆ ಸೂಜಿ ಚುಚ್ಚುವುದನ್ನು ಹಗಲಲ್ಲಿ ಕಲಿಸಬಹುದು, ಕಲಿಸಲೇಬೇಕು. ಆದರೆ ಬೊಂಬೆ ಬೆವರುವುದಿಲ್ಲ. ಅದಕ್ಕೆ ಹಿಂದಿನ ಊಟ ಎಂಬುದಿಲ್ಲ.

ಲಾಗ್ ಬುಕ್‌ನಲ್ಲಿ ಆ ರಾತ್ರಿಯ ಬಗ್ಗೆ ಇರುವುದು: ‘ಜಿಆರ್‌ಬಿಎಸ್ — ನೋಡಿದೆ — 1.’ ಜಿಆರ್‌ಬಿಎಸ್ ಎಂದರೆ ಬೆರಳು ಚುಚ್ಚಿ ನೋಡುವ ಸಕ್ಕರೆ.

ನಮ್ಮಪ್ಪ ನಮ್ಮೂರಿನ ಸಕ್ಕರೆ ಕಾರ್ಖಾನೆಯಲ್ಲಿ, ಅದು ನಡೆಯುತ್ತಿದ್ದ ಕಾಲದಲ್ಲಿ, ಪ್ಯಾನ್‌ಮನ್‌ಗೆ ಹೆಲ್ಪರ್ ಆಗಿದ್ದರು. ಕಬ್ಬು ಅರೆಯುವ ಸೀಸನ್ನಿನಲ್ಲಿ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಕುದಿಯುವ ಪ್ಯಾನಿನಿಂದ ಸರಳಿನಲ್ಲಿ ಪಾಕ ತೆಗೆದು, ಗಾಜಿನ ತುಂಡಿಗೆ ಸವರಿ, ಬೆಳಕಿಗೆ ಹಿಡಿದು ಹರಳು ಕಟ್ಟಿದೆಯೇ ನೋಡುವುದು ಪ್ಯಾನ್‌ಮನ್ ಕೆಲಸ. ಒಂದು ಪೂರ್ತಿ ಸೀಸನ್ ಅಪ್ಪನಿಗೆ ಗಾಜು ತೊಳೆದುಕೊಡುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲವಂತೆ. ಆದರೆ ಪ್ರತಿ ಸಲ ಗಾಜು ಅಪ್ಪನ ಕಣ್ಣ ಮುಂದೆಯೂ ಬರುತ್ತಿತ್ತು, “ಏನ್ ಕಾಣ್ತದೆ?” ಎಂಬ ಪ್ರಶ್ನೆಯೂ ಬರುತ್ತಿತ್ತು. ನಮ್ಮ ಕಡೆಯ ಕಾರ್ಖಾನೆ ಕೆಲಸದವರು, 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರೂ, ಕೆಲಸ ಕಲಿತದ್ದು ಹಿರಿಯ ಕೈಯ ಪಕ್ಕ ನಿಂತು. ಪ್ರಶ್ನೆ ಕೇಳುವವರಿದ್ದರೆ ನಿಂತು ನೋಡುವುದು ಕಲಿಕೆ. ಇಲ್ಲದಿದ್ದರೆ ಬರೀ ನಿದ್ದೆಗೇಡು.

ನರ್ಸಿಂಗ್ ಶಿಕ್ಷಣಕ್ಕೆ ಇದು ಹೊಸ ವಿಚಾರವೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಾಗ ವಿದ್ಯಾರ್ಥಿನಿಯರು ಒಂದು ವರ್ಷ ವಾರ್ಡ್ ಸಿಸ್ಟರ್‌ಗಳ ಕೈಕೆಳಗೆ ಕಲಿಯುತ್ತಿದ್ದರು, ದಿನಚರಿ ಬರೆಯುತ್ತಿದ್ದರು. ಆ ದಿನಚರಿಗಳನ್ನು ಆಕೆ ಓದುತ್ತಿದ್ದಳು ಎನ್ನುವುದು ಮುಖ್ಯ. 1984ರಲ್ಲಿ ಅಮೆರಿಕದ ಪ್ಯಾಟ್ರಿಷಿಯಾ ಬೆನ್ನರ್ ಹೊಸ ನರ್ಸ್ ನುರಿತ ನರ್ಸ್ ಆಗುವ ಬಗೆಯನ್ನೇ ಒಂದು ಪುಸ್ತಕವಾಗಿ ಬರೆದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ನುರಿತವರಿಗೆ ಇಡೀ ರೋಗಿ ಒಂದೇ ನೋಟಕ್ಕೆ ಸಿಗುತ್ತಾರೆ ಎಂಬುದು ಆಕೆ ನರ್ಸ್‌ಗಳನ್ನೇ ಮಾತಾಡಿಸಿ ಕಂಡುಕೊಂಡದ್ದು. ಆ ನೋಟವನ್ನು ಎರವಲು ಕೊಡಲು ರಾತ್ರಿ ಪಾಳಿಯಷ್ಟು ಒಳ್ಳೆಯ ಹೊತ್ತು ಬೇರೆ ಇಲ್ಲ. ರೌಂಡ್ಸ್ ಇಲ್ಲ, ನೋಡಲು ಬರುವವರ ಗದ್ದಲ ಇಲ್ಲ. ನಮ್ಮಲ್ಲಿ 2021–22ರಿಂದ ಬಿ.ಎಸ್ಸಿ. ನರ್ಸಿಂಗ್ ಸೆಮಿಸ್ಟರಿಗೆ ಬದಲಾಗಿ, ಕ್ರೆಡಿಟ್ಟು, ಗಂಟೆ, ಸಾಮರ್ಥ್ಯಗಳ ಪಟ್ಟಿ ಎಲ್ಲ ಬಂದವು. ಪಟ್ಟಿ ಬೇಡ ಎನ್ನುವುದಿಲ್ಲ, ಕ್ಯಾತಿಟರ್ ಹಾಕಲು ಬಾರದ ನರ್ಸ್ ಯಾರಿಗೂ ಬೇಡ. ಆದರೆ ಕಂಡದ್ದನ್ನು ಬರೆಯಲು ಅರ್ಧ ಪುಟ ಖಾಲಿ ಬಿಟ್ಟು, ಅದನ್ನು ಓದುವ ಒಬ್ಬ ಮೇಡಂ ಇದ್ದರೆ ಸಾಕಿತ್ತು.

ನಮ್ಮೂರಿನ ನಡುವೆ ಹಾಯ್ದುಹೋಗುವ ಬಿ.ಎಚ್. ರಸ್ತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ. ಅದರ ತುದಿಯ ಹೊನ್ನಾವರಕ್ಕೆ ಹತ್ತಿರದಲ್ಲೇ ಹಳದೀಪುರ, ಅರುಣಾ ಶಾನಭಾಗರ ಊರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಹಲ್ಲೆಯಾಯಿತು. ಅದರಿಂದ ಹಾಸಿಗೆ ಹಿಡಿದ ಅವರನ್ನು, ಅವರು ತೀರಿಕೊಂಡ 2015ರ ಮೇ 18ರವರೆಗೆ, ಸುಮಾರು 42 ವರ್ಷ, ಅಲ್ಲಿನ ನರ್ಸ್‌ಗಳು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಬೆಡ್‌ಸೋರ್ ಇರಲಿಲ್ಲ ಎಂಬುದು 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮಾತು. ಅಲ್ಲೇ ಇನ್ನೊಂದು ವಿಷಯವೂ ದಾಖಲಾಗಿದೆ: ನರ್ಸಿಂಗ್ ವಿದ್ಯಾರ್ಥಿಗಳ ಪ್ರತಿ ಹೊಸ ತಂಡವನ್ನೂ ಅರುಣಾ ಬಳಿಗೆ ಕರೆದೊಯ್ದು, ಇವರು ನಮ್ಮವರೇ ಆಗಿದ್ದರು ಎಂದು ಪರಿಚಯಿಸುತ್ತಿದ್ದರು. ಹೊರಳಿಸುವುದು, ಒರೆಸುವುದು, ಉಣಿಸುವುದು ಕೈಯಿಂದ ಕೈಗೆ ನಾಲ್ಕು ದಶಕ ದಾಟಿದ್ದು ಹೀಗೆ. ನಾನು ಬಲ್ಲಂತೆ ಹಿರಿಯರ ಪಕ್ಕ ನಿಂತು ನೋಡುವ ಕಲಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಅರುಣಾ ಅವರ ಹೆಸರು ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ಮಗಳನ್ನು ರಾತ್ರಿ ಪಾಳಿಗೆ ಕಳಿಸುವ ಮನೆಯವರು ಮಲಗುವುದಿಲ್ಲ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ನನ್ನ ತಂಗಿ ಈ ಓದೇ ಬೇಡ ಎಂದಿದ್ದಳು. ಹುಡುಗಿಯರಿಗೆ ಒಂದು ಚಿಲಕವಿರುವ ಕೋಣೆ, ಬೆಳಕಿರುವ ಕಾರಿಡಾರು, ಲ್ಯಾಬಿಗೆ ಒಬ್ಬಳನ್ನೇ ಕಳಿಸದ ನಿಯಮ, ಇಷ್ಟು ಇಲ್ಲದ ಕಡೆ ರಾತ್ರಿ ಪೋಸ್ಟಿಂಗ್ ಹಾಕುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ಇದನ್ನು ಕಡೆಯಲ್ಲಿ ಹೇಳುತ್ತಿದ್ದರೂ ಇದು ಕಡೆಯ ಮಾತಲ್ಲ.

ಬೆಳಿಗ್ಗೆಯ ಓವರ್ ಬಗ್ಗೆಯೂ ಒಂದು ದೂರಿದೆ. ಎಂಟಕ್ಕೆ ಸಹಿ ಸಿಕ್ಕ ಕೂಡಲೇ ಹುಡುಗಿಯರು ಬಸ್ಸಿಗೆ ಓಡುತ್ತಾರೆ, ಓಡಬೇಡಿ ಎಂದು ಯಾರೂ ಹೇಳುವುದಿಲ್ಲ. ಇಡೀ ರಾತ್ರಿಯಲ್ಲಿ ಯಾವುದು ಹೇಳತಕ್ಕದ್ದು, ಯಾವುದು ಬಿಡತಕ್ಕದ್ದು ಎಂದು ಸಿಸ್ಟರ್ ಆರಿಸಿ ಹೇಳುವ ಆ ಹದಿನೈದು ನಿಮಿಷ ಅವರಿಗೆ ತಪ್ಪಿಹೋಗುತ್ತದೆ. ಎರಡು ಚಮಚ ಗಂಜಿಯಂಥ ಸುದ್ದಿ ದಾಟಿಸುವುದು ಆಗಲೇ.

ಐದನೆಯ ದಿನ ನಮ್ಮ ಹುಡುಗಿ ಮನೆಗೆ ಬಂದಾಗ ಒಂಬತ್ತೂವರೆ. ಎಂದಿಗಿಂತ ತಡ, ಓವರ್ ಮುಗಿಯುವವರೆಗೂ ನಿಂತಿದ್ದಳು. ಜಗುಲಿಯಲ್ಲಿ ನಮ್ಮಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅವರಿಗೂ ಸಕ್ಕರೆ ಕಾಯಿಲೆ. ಚಪ್ಪಲಿ ಬಿಟ್ಟವಳು ಕೈ ತೊಳೆದು ಬಂದು, ಮಾತಾಡದೆ ಅಜ್ಜಿಯ ಕತ್ತಿನ ಹಿಂದೆ ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಮಾವ, ಅಜ್ಜಿ ತಿಂಡಿ ತಿಂದ್ರಾ?” ಎಂದು ಕೇಳಿದಳು.