ಎರವಲು ತಂದ ಕುರಾನ್

2007ರ ಜನವರಿ 4ರಂದು ತೆಗೆದ ಒಂದು ಫೋಟೊ ಇದೆ. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ ಬಲಗೈ ಎತ್ತಿ ನಿಂತಿದ್ದಾರೆ. ಎಡಗೈ ಒಂದು ಹಳೆಯ ಕುರಾನ್ ಮೇಲಿದೆ. ಎದುರಿಗೆ ಸಭಾಧ್ಯಕ್ಷೆ ನ್ಯಾನ್ಸಿ ಪೆಲೋಸಿ. ಆ ಪುಸ್ತಕ ಎಲಿಸನ್ ಅವರದ್ದಲ್ಲ. ಅದು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ಸಂಗ್ರಹದ್ದು; ಅಂದಿನ ಮಟ್ಟಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಎರವಲು ತಂದದ್ದು.

ಇತಿಹಾಸಕಾರ್ತಿ ಡೆನಿಸ್ ಸ್ಪೆಲ್ಬರ್ಗ್ 2013ರಲ್ಲಿ ಪ್ರಕಟಿಸಿದ 'ಥಾಮಸ್ ಜೆಫರ್ಸನ್ಸ್ ಕುರಾನ್' ಓದಿದ ಮೇಲೆ ಈ ಫೋಟೊ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಇದನ್ನು ಸಹಿಷ್ಣುತೆಯ ಗೆಲುವಿನ ಚಿತ್ರವೆಂದು ಹೇಳುವವರಿದ್ದಾರೆ. ನಾನೂ ಮೊದಲು ಹಾಗೆಯೇ ನೋಡಿದ್ದೆ. ಆದರೆ ತನ್ನ ಧರ್ಮಗ್ರಂಥವನ್ನು ಮುಟ್ಟಲು ಒಬ್ಬ ಮನುಷ್ಯ ಬೇರೆಯವರ ಮನೆಯ ಪ್ರತಿಯನ್ನು ಏಕೆ ತರಬೇಕಾಯಿತು? ಈ ಬರಹ ಅಷ್ಟೇ ಪ್ರಶ್ನೆಯ ಸುತ್ತ ಇದೆ.

ಮೊದಲು ಅಂದಿನ ಸಂದರ್ಭ. ಎಲಿಸನ್ ಆಯ್ಕೆಯಾದದ್ದು 2006ರ ನವೆಂಬರಿನಲ್ಲಿ, ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರವಿರುವ ಕ್ಷೇತ್ರದಿಂದ. ಪ್ರಮಾಣವಚನಕ್ಕೆ ಕುರಾನ್ ಬಳಸುತ್ತೇನೆ ಎಂದು ಅವರು ಹೇಳಿದ್ದೇ ಗದ್ದಲವಾಯಿತು. ವಾಸ್ತವದಲ್ಲಿ ಅಮೆರಿಕದ ಕೆಳಮನೆಯ ಸದಸ್ಯರು ಅಧಿಕೃತವಾಗಿ ಪ್ರಮಾಣ ಮಾಡುವಾಗ ಯಾವ ಗ್ರಂಥವನ್ನೂ ಮುಟ್ಟಬೇಕಾಗಿಲ್ಲ. ಸದನದಲ್ಲಿ ಎಲ್ಲರೂ ಒಟ್ಟಿಗೆ ನಿಂತು ಬಲಗೈ ಎತ್ತುತ್ತಾರೆ, ಅಷ್ಟೆ. ಗ್ರಂಥ ಬರುವುದು ಆಮೇಲೆ ಫೋಟೊಗೆಂದು ನಡೆಸುವ ಖಾಸಗಿ ಸಮಾರಂಭದಲ್ಲಿ. ಸಾರ್ವಜನಿಕ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದು ಆ ದೇಶದ ಸಂವಿಧಾನದ ಆರನೇ ವಿಧಿ ಹೇಳುತ್ತದೆ. ಅಂದರೆ ಕಾನೂನಿನ ಪ್ರಕಾರ ಅಲ್ಲಿ ಪ್ರಶ್ನೆಯೇ ಇರಲಿಲ್ಲ.

ಆದರೂ ವರ್ಜೀನಿಯಾದ ಸಂಸದ ವರ್ಜಿಲ್ ಗೂಡ್ ತಮ್ಮ ಮತದಾರರಿಗೆ ಒಂದು ಪತ್ರ ಬರೆದರು. ತಮ್ಮ ಕಚೇರಿಯ ಗೋಡೆಯ ಮೇಲೆ ಬೈಬಲ್ಲಿನ ದಶಾಜ್ಞೆಗಳಿವೆ ಎಂದು ಅದರಲ್ಲಿ ಹೇಳಿಕೊಂಡರು. ವಲಸೆಯ ಬಗ್ಗೆ ತಮ್ಮ ಬಿಗಿ ನಿಲುವನ್ನು ಒಪ್ಪದಿದ್ದರೆ ಮುಂದೆ ಇನ್ನೂ ಹೆಚ್ಚು ಮುಸ್ಲಿಮರು ಆಯ್ಕೆಯಾಗಿ ಬಂದು ಕುರಾನ್ ಬೇಕೆಂದು ಕೇಳುತ್ತಾರೆ ಎಂದು ಎಚ್ಚರಿಸಿದರು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಆ ಪತ್ರದಲ್ಲಿ ಕುತೂಹಲ ಹುಟ್ಟಿಸುವುದು ಅದರ ವ್ಯಾಕರಣ. 'ಆಯ್ಕೆಯಾಗುತ್ತಾರೆ' ಎನ್ನುತ್ತಾರೆ ಗೂಡ್. ಯಾರಿಂದ ಆಯ್ಕೆ? ಎಲಿಸನ್ ಅವರಿಗೆ ಮತ ಹಾಕಿದವರಲ್ಲಿ ಬಹುಪಾಲು ಜನ ಮುಸ್ಲಿಮರಲ್ಲ. ಆ ವಾಕ್ಯದಲ್ಲಿ ಆ ಮತದಾರರೇ ಕಾಣೆಯಾಗಿದ್ದಾರೆ. ಆರಿಸಿ ಕಳಿಸಿದವರನ್ನು ಅಳಿಸಿಬಿಟ್ಟರೆ ಆರಿಸಿಬಂದವನು ತಾನಾಗಿ ನುಗ್ಗಿದವನಂತೆ ಕಾಣುತ್ತಾನೆ. ಇನ್ನು ವಲಸೆಯ ಮಾತು. ಎಲಿಸನ್ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಕಪ್ಪು ಅಮೆರಿಕನ್. ಅವರ ತಾಯಿಯ ಕಡೆಯ ಹಿರಿಯರು 1742ರಿಂದ ಆ ನೆಲದಲ್ಲಿದ್ದಾರೆಂದು ಅವರೇ ಹೇಳಿದ್ದರು. ಅವರು ಇಸ್ಲಾಂ ಸ್ವೀಕರಿಸಿದ್ದು ಕಾಲೇಜಿನ ದಿನಗಳಲ್ಲಿ. ಯಾವ ಗಡಿಯನ್ನೂ ದಾಟಿ ಬರದವರನ್ನು ಪತ್ರ ವಲಸಿಗರ ಸಾಲಿನಲ್ಲಿ ನಿಲ್ಲಿಸುತ್ತದೆ. ಪೂರ್ವಗ್ರಹ ಕೆಲಸ ಮಾಡುವುದು ಹೀಗೆ. ಅದಕ್ಕೆ ಬೈಗುಳವೇ ಬೇಕೆಂದಿಲ್ಲ, ಒಂದು ಕರ್ತೃಪದವನ್ನು ಬಿಟ್ಟುಬಿಟ್ಟರೆ ಸಾಕು.

ಎಲಿಸನ್ ಇದಕ್ಕೆ ಮಾತಿನಲ್ಲಿ ಹೆಚ್ಚು ಉತ್ತರ ಕೊಡಲಿಲ್ಲ. ಜೆಫರ್ಸನ್‌ನ ಕುರಾನ್ ತರಿಸಿದರು. ಜೆಫರ್ಸನ್ ಹುಟ್ಟಿದ ಊರು ಗೂಡ್ ಪ್ರತಿನಿಧಿಸುತ್ತಿದ್ದ ಕ್ಷೇತ್ರದಲ್ಲಿಯೇ ಇದೆ. ನಿಮ್ಮೂರಿನ ಹಿರಿಯರೇ ಇದನ್ನು ಓದಿದ್ದರಲ್ಲ ಸ್ವಾಮಿ ಎಂದು ವಿನಯದಿಂದ ಹೇಳಿದಂತಾಯಿತು. ಅದೇ ದಿನ ಸದನದಲ್ಲಿ ಗೂಡ್ ಅವರ ಬಳಿಗೆ ಹೋಗಿ ಕೈಕುಲುಕಿ ಕಾಫಿಗೆ ಕರೆದರು. ರಾಜಕಾರಣದಲ್ಲಿ ಇದಕ್ಕಿಂತ ಜಾಣ ಉತ್ತರ ಕಷ್ಟ.

ಸ್ಪೆಲ್ಬರ್ಗ್ ಅವರ ಪುಸ್ತಕದ ಹೆಚ್ಚುಗಾರಿಕೆ ಎಂದರೆ ಅವರು ಈ ಜಾಣತನದಲ್ಲಿ ನಿಂತುಬಿಡುವುದಿಲ್ಲ. ಜೆಫರ್ಸನ್ ಆ ಕುರಾನ್ ಕೊಂಡದ್ದು 1765ರಲ್ಲಿ, ಇನ್ನೂ ಕಾನೂನು ಓದುತ್ತಿದ್ದಾಗ. ಅದು ಜಾರ್ಜ್ ಸೇಲ್ ಎಂಬ ಇಂಗ್ಲಿಷ್ ವಕೀಲ ಅರಬ್ಬಿಯಿಂದ ಮಾಡಿ 1734ರಲ್ಲಿ ಮೊದಲು ಪ್ರಕಟಿಸಿದ ಅನುವಾದ. ಇಸ್ಲಾಮನ್ನು ಖಂಡಿಸಬೇಕಾದರೂ ಅದರ ಗ್ರಂಥವನ್ನು ಸರಿಯಾಗಿ ಓದಿರಬೇಕು ಎನ್ನುವ ಧೋರಣೆ ಸೇಲ್‌ನದು. ಆದರೂ ಅವನ ದೀರ್ಘ ಪೀಠಿಕೆ ಆ ಕಾಲಕ್ಕೆ ಅಪರೂಪವೆನ್ನುವಷ್ಟು ನ್ಯಾಯವಾಗಿತ್ತು. ಜೆಫರ್ಸನ್‌ಗೂ ಇಸ್ಲಾಂ ಬಗ್ಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಆ ಕಾಲದ ಯುರೋಪಿನ ಪೂರ್ವಗ್ರಹಗಳೆಲ್ಲ ಅವನಲ್ಲಿಯೂ ಇದ್ದವು. ಆದರೆ ಜಾನ್ ಲಾಕ್‌ನನ್ನು ಓದಿ ಅವನು ಒಂದು ವಿಚಾರವನ್ನು ಗಟ್ಟಿಯಾಗಿ ಹಿಡಿದುಕೊಂಡ: ಒಬ್ಬನ ಧರ್ಮ ನನಗೆ ಹಿಡಿಸದಿರಬಹುದು, ಆ ಕಾರಣಕ್ಕೆ ಅವನ ನಾಗರಿಕ ಹಕ್ಕನ್ನು ಕಸಿಯುವಂತಿಲ್ಲ. 1786ರಲ್ಲಿ ವರ್ಜೀನಿಯಾದಲ್ಲಿ ಜಾರಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಅವನು ಬರೆದದ್ದು. ಅದರಲ್ಲಿ ಯೇಸುವಿನ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಿದ್ದುಹೋಯಿತು. ಯಹೂದಿ, ಕ್ರೈಸ್ತ, ಮುಸ್ಲಿಂ, ಹಿಂದೂ, ನಾಸ್ತಿಕ ಎಲ್ಲರೂ ಆ ಕಾನೂನಿನ ರಕ್ಷಣೆಯೊಳಗೆ ಬರುತ್ತಾರೆಂಬುದಕ್ಕೆ ಅದೇ ಸಾಕ್ಷಿ ಎಂದು ಅವನು ಮುಂದೆ ಆತ್ಮಕಥನದಲ್ಲಿ ನೆನೆಯುತ್ತಾನೆ.

ನನಗೆ ಇದು ಪುಸ್ತಕದ ಬಹಳ ಮುಖ್ಯ ಭಾಗ. ನಾವು ಸಹಿಷ್ಣುತೆಯನ್ನು ಪ್ರೀತಿಯ ಜೊತೆ ಬೆರೆಸಿಬಿಡುತ್ತೇವೆ. 'ಎಲ್ಲ ಧರ್ಮಗಳೂ ಒಂದೇ ಹೇಳುತ್ತವೆ' ಎಂದು ಭಾಷಣ ಮಾಡುತ್ತೇವೆ. ಒಂದೇ ಹೇಳದಿದ್ದರೆ? ಆಗಲೂ ಹಕ್ಕು ಹಕ್ಕೇ. ಇಷ್ಟಪಡದವನ ಹಕ್ಕನ್ನೂ ಕಾಯಬೇಕು ಎಂಬ ಈ ಒಣ ಮಾತು ನಮ್ಮ ಭಾವೈಕ್ಯದ ಭಾಷಣಗಳಿಗಿಂತ ಹೆಚ್ಚು ಬಾಳಿಕೆ ಬರುವಂಥದ್ದು.

ಆದರೆ ಇಲ್ಲೊಂದು ತೊಡಕಿದೆ. 1788ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸಂವಿಧಾನವನ್ನು ಒಪ್ಪಬೇಕೇ ಎಂಬ ಚರ್ಚೆ ನಡೆಯಿತು. ಧರ್ಮದ ಪರೀಕ್ಷೆ ಇಲ್ಲದಿದ್ದರೆ ನಾಳೆ ಮುಸ್ಲಿಮರೂ ಅಧಿಕಾರಕ್ಕೆ ಬಂದಾರು ಎಂಬ ಭಯವನ್ನು ಅಲ್ಲಿ ಕೆಲವರು ಮುಂದಿಟ್ಟರು. ಗೂಡ್ ಅವರ ಪತ್ರಕ್ಕೆ 200 ವರ್ಷಗಳ ಹಿಂದಿನ ಪೂರ್ವಜ ಅದು. ಜೇಮ್ಸ್ ಐರೆಡೆಲ್ ಎಂಬ ವಕೀಲ ಅದಕ್ಕೆ ಉತ್ತರಿಸುತ್ತ, ಯಾರನ್ನೇ ಹೊರಗಿಟ್ಟರೂ ಧಾರ್ಮಿಕ ಸ್ವಾತಂತ್ರ್ಯದ ತತ್ವವೇ ಕುಸಿಯುತ್ತದೆ ಎಂದ. ಇದು ದೊಡ್ಡ ಮಾತು. ಆದರೆ ಅದೇ ಉಸಿರಿನಲ್ಲಿ, ನಮ್ಮ ಜನ ತಮಗಿಂತ ತೀರಾ ಬೇರೆ ಧರ್ಮದವರನ್ನು ಹೇಗೂ ಆರಿಸುವುದಿಲ್ಲ ಎಂಬ ಸಮಾಧಾನವನ್ನೂ ಕೊಟ್ಟ. ಅಂದರೆ ಬಾಗಿಲು ತೆರೆದಿಡೋಣ, ಹೇಗೂ ಯಾರೂ ಬರುವುದಿಲ್ಲ!

ಆ ಸಹಿಷ್ಣುತೆ ಕಲ್ಪನೆಯ ಮುಸ್ಲಿಮನಿಗಾಗಿ ಇತ್ತು ಎಂಬುದು ಸ್ಪೆಲ್ಬರ್ಗ್ ಅವರ ವಾದ. ನಿಜವಾದ ಮುಸ್ಲಿಮರು ಅಲ್ಲಿ ಆಗಲೇ ಇದ್ದರು. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಲ್ಲಿ ಕುರಾನ್ ಓದಿ ಬರೆಯಬಲ್ಲವರಿದ್ದರು. ಒಮರ್ ಇಬ್ನ್ ಸೈದ್ ಅಂಥವನು. 1807ರಲ್ಲಿ ಚಾರ್ಲ್‌ಸ್ಟನ್ ಬಂದರಿಗೆ ತಂದು ಮಾರಲಾದ ಈ ವಿದ್ವಾಂಸ 1831ರಲ್ಲಿ ಅರಬ್ಬಿಯಲ್ಲಿ ತನ್ನ ಆತ್ಮಕಥೆ ಬರೆದ. ಅದನ್ನು ಆರಂಭಿಸಿದ್ದು ಕುರಾನ್‌ನ 67ನೇ ಅಧ್ಯಾಯದಿಂದ, ಒಡೆತನವೆಲ್ಲ ದೇವರದ್ದು ಎಂದು ಸಾರುವ ಅಧ್ಯಾಯದಿಂದ. ಒಬ್ಬ ಮನುಷ್ಯನ ಒಡೆತನದಲ್ಲಿದ್ದವನು ಮೊದಲ ಪುಟದಲ್ಲೇ ಆ ಮಾತು ಬರೆದಿಡುತ್ತಾನೆ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನಿಟ್ಟುಕೊಂಡಿದ್ದ ಜೆಫರ್ಸನ್‌ನ ಕಾನೂನಿನಲ್ಲಿ 'ಮುಸ್ಲಿಂ' ಎಂಬ ಪದಕ್ಕೆ ಜಾಗವಿತ್ತು. ಹೊಲದಲ್ಲಿ ಗೇಯುತ್ತಿದ್ದ ಒಮರ್‌ನಂಥವರಿಗೆ ಇರಲಿಲ್ಲ. ಒಮರ್‌ನ ಹಸ್ತಪ್ರತಿ 2017ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಈಗ ಎರಡೂ ಒಂದೇ ಸಂಸ್ಥೆಯಲ್ಲಿವೆ: ಮುಸ್ಲಿಮನನ್ನು ಕಲ್ಪಿಸಿಕೊಂಡವನ ಕುರಾನ್, ಮತ್ತು ಕುರಾನನ್ನು ನೆನಪಿನಲ್ಲಿಟ್ಟುಕೊಂಡು ಬದುಕಿದ ಮುಸ್ಲಿಮನ ಬರಹ. 2007ರ ಫೋಟೊಗೆ ಬೇಕಾದದ್ದು ಮೊದಲನೆಯದು.

ಎರವಲಿನ ಪ್ರಶ್ನೆಗೆ ಮರಳುತ್ತೇನೆ. ಇದು ನನಗೆ ಅರ್ಥವಾದದ್ದು ಗ್ರಂಥಾಲಯದಲ್ಲಲ್ಲ, ಹಾಸ್ಟೆಲ್ಲಿನ ಮೆಸ್ಸಿನಲ್ಲಿ. ನನ್ನ ಜೊತೆಯ ಸಂಶೋಧಕನೊಬ್ಬ ಶಿಗ್ಗಾಂವಿ ಕಡೆಯವನು, ಮುಸ್ಲಿಂ. ಅವನ ಸಂಶೋಧನೆ ಗ್ರಾಮೀಣ ಸಾಲದ ಬಗ್ಗೆ. ಆದರೆ ಎಲ್ಲಿಯೇ ಮಾತಾಡಲು ನಿಂತರೂ ಶಿಶುನಾಳ ಷರೀಫರ ಹೆಸರಿನಿಂದ ಶುರುಮಾಡುತ್ತಾನೆ. ಸಾಲಕ್ಕೂ ಷರೀಫರಿಗೂ ಏನೋ ಸಂಬಂಧ ಎಂದು ಒಮ್ಮೆ ತಮಾಷೆ ಮಾಡಿದೆ. ಅವನು ರೊಟ್ಟಿ ಮುರಿಯುತ್ತಲೇ ಹೇಳಿದ: "ಷರೀಫಜ್ಜನ ಹೆಸರು ಮೊದ್ಲ ತಗದ್ರ ಮುಂದಿನ ಮಾತು ಕೇಳ್ತಾರಪಾ. ಇಲ್ಲಂದ್ರ ನನ್ನ ಹೆಸರು ಕೇಳಿ ಅಲ್ಲೇ ನಿಂತುಬಿಡ್ತಾರ."

ನಾನು ಮತ್ತೆ ಆ ತಮಾಷೆ ಮಾಡಲಿಲ್ಲ. ಷರೀಫರನ್ನು ಅವನು ಪ್ರೀತಿಸುವುದಿಲ್ಲವೆಂದಲ್ಲ, ನನಗಿಂತ ಹೆಚ್ಚು ತತ್ವಪದಗಳು ಅವನಿಗೆ ಬಾಯಿಗೆ ಬರುತ್ತವೆ. ಆದರೆ ಪ್ರೀತಿಸುವ ಹೆಸರನ್ನೇ ಗುರುತಿನ ಚೀಟಿಯಂತೆ ತೋರಿಸಬೇಕಾಗಿ ಬರುವುದು ಬೇರೆ. ಜೆಫರ್ಸನ್‌ನ ಕುರಾನ್ ಎಲಿಸನ್ ಅವರಿಗೆ ಅಂಥ ಚೀಟಿ.

ಹೀಗಿರುವಾಗಲೇ 2025ರ ಮೈಸೂರು ದಸರೆಯ ಗಲಾಟೆ ಬಂತು. ಅದೇ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದಿದ್ದ ಬಾನು ಮುಷ್ತಾಕ್ ಅವರನ್ನು ರಾಜ್ಯ ಸರ್ಕಾರ ಉದ್ಘಾಟನೆಗೆ ಕರೆಯಿತು. ಚಾಮುಂಡೇಶ್ವರಿಯಲ್ಲಿ ಅವರಿಗೆ ನಂಬಿಕೆ ಇದೆಯೇ ಎಂದು ಚುನಾಯಿತ ನಾಯಕರು ಕೇಳಿದರು. ಮಾಜಿ ಸಂಸದ ಪ್ರತಾಪ್ ಸಿಂಹ ಹೈಕೋರ್ಟ್ ಮೆಟ್ಟಿಲೇರಿದರು. ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಇನ್ನೊಬ್ಬರು ಸುಪ್ರೀಂ ಕೋರ್ಟಿಗೆ ಒಯ್ದ ಮೇಲ್ಮನವಿಯೂ 19ರಂದು ವಜಾ ಆಯಿತು. ಸಂವಿಧಾನದ ಪ್ರಸ್ತಾವನೆ ಏನು ಹೇಳುತ್ತದೆಂದು ಅಲ್ಲಿ ನ್ಯಾಯಪೀಠವೇ ಕೇಳಿತು. 22ರಂದು ಬಾನು ಮುಷ್ತಾಕ್ ದಸರೆ ಉದ್ಘಾಟಿಸಿದರು.

ಪ್ರಮಾಣವಚನ ಬೇರೆ, ಪೂಜೆ ಬೇರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಬೆಟ್ಟದ ಮೇಲೆ ದೇವಿಗೆ ಹೂವು ಅರ್ಪಿಸುವಾಗ ಅಲ್ಲೊಂದು ಶ್ರದ್ಧೆ ಇರಬೇಕೆಂದು ಭಕ್ತರಿಗೆ ಅನ್ನಿಸಿದರೆ ಅದು ದ್ವೇಷವಲ್ಲ. ಸರ್ಕಾರದ ಹಣದಲ್ಲಿ ನಡೆಯುವ ನಾಡಹಬ್ಬ ಪೂಜೆಯಿಂದಲೇ ಆರಂಭವಾಗಬೇಕೇ ಎಂಬುದೂ ಚರ್ಚಿಸಬಹುದಾದ ಪ್ರಶ್ನೆ. ಆದರೆ ಅದು ಎಲ್ಲ ಅತಿಥಿಗಳಿಗೂ ಅನ್ವಯಿಸುವ ಪ್ರಶ್ನೆ. ಹಿಂದಿನ ವರ್ಷ ವಿದ್ವಾಂಸ ಹಂಪ ನಾಗರಾಜಯ್ಯ ಉದ್ಘಾಟಿಸಿದಾಗ ಅವರ ಭಕ್ತಿಯ ಪ್ರಮಾಣ ಕೇಳಿ ಯಾರೂ ಕೋರ್ಟಿಗೆ ಹೋಗಲಿಲ್ಲ. ಒಂದೇ ಹೆಸರಿಗೆ ಕೇಳುವ ಪ್ರಶ್ನೆ ಶ್ರದ್ಧೆಯ ಬಗ್ಗೆ ಅಲ್ಲ, ಹೆಸರಿನ ಬಗ್ಗೆ.

ನನಗೆ ಹೆಚ್ಚು ಕಸಿವಿಸಿಯಾದದ್ದು ಮಾತ್ರ ನಮ್ಮ ಉತ್ತರದಿಂದ. ಬಾನು ಅವರ ಪರವಾಗಿ ಮಾತಾಡಿದ ನಾವೆಲ್ಲ ತಕ್ಷಣ ಹಳೆಯ ಹೆಸರುಗಳನ್ನು ತಂದೆವು. 2017ರಲ್ಲಿ ನಿಸಾರ್ ಅಹಮದ್ ಉದ್ಘಾಟಿಸಿರಲಿಲ್ಲವೇ? ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ದಸರೆ ನಡೆಯಲಿಲ್ಲವೇ? ಎರಡೂ ನಿಜ. ಎದುರು ಪಕ್ಷದವರು ಅದನ್ನೇ ತಿರುಗಿಸಿದರು: ನಿಸಾರರು ಬೇರೆ, ಇವರು ಬೇರೆ. ಕನ್ನಡವನ್ನು ಭುವನೇಶ್ವರಿಯಾಗಿಸುವ ಬಗ್ಗೆ ಬಾನು 2023ರಲ್ಲಿ ಎತ್ತಿದ್ದ ತಕರಾರನ್ನು ಹೊರತೆಗೆದರು. ಒಳ್ಳೆಯ ಮುಸ್ಲಿಮನ ಉದಾಹರಣೆ ಕೊಟ್ಟ ಮೇಲೆ ಕೆಟ್ಟ ಮುಸ್ಲಿಮಳ ಉದಾಹರಣೆ ಹುಡುಕುವುದು ಕಷ್ಟವೇ? ನಾವು ಎರವಲು ಹೆಸರುಗಳಲ್ಲಿ ವಾದ ಮಾಡಿದ್ದರಿಂದ ತಕರಾರು ತೆಗೆಯುವ ಲೇಖಕಿಗೂ ಅಷ್ಟೇ ಹಕ್ಕಿದೆ ಎಂಬ ಸರಳ ಮಾತು ಹಿಂದೆ ಬಿತ್ತು. ಬಾನು ತಮ್ಮ ಕಥೆಗಳಲ್ಲಿ ಮುಸ್ಲಿಂ ಸಮಾಜದ ಗಂಡಸರೊಂದಿಗೆ ಜಗಳವಾಡಿದವರು. ಜಗಳವಾಡುವ ಹಕ್ಕನ್ನು ಅಲ್ಲಿ ಮೆಚ್ಚಿಕೊಂಡು ಇಲ್ಲಿ ಕಿತ್ತುಕೊಂಡರೆ ಅದು ಯಾವ ಮೆಚ್ಚುಗೆ?

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ಚಿನ್ನ ಎಂಬ 'ಕವಿರಾಜಮಾರ್ಗ'ದ ಮಾತನ್ನು ನಮ್ಮ ರಾಜಕಾರಣಿಗಳು ವೇದಿಕೆಗಳಲ್ಲಿ ಆಗಾಗ ನೆನೆಯುತ್ತಾರೆ. ಅಲ್ಲಿ ಧರ್ಮದ ಪಕ್ಕದಲ್ಲೇ ವಿಚಾರವೂ ಇದೆ ಎಂಬುದನ್ನು ಮರೆಯುತ್ತಾರೆ. ನಾವು ಸೈರಿಸಬೇಕಾದದ್ದು ಬೇರೆ ದೇವರನ್ನು ನಂಬುವವರನ್ನು ಮಾತ್ರವಲ್ಲ, ನಮ್ಮ ಮಾತನ್ನು ಒಪ್ಪದವರನ್ನು ಕೂಡ.

2019ರ ಜನವರಿಯಲ್ಲಿ ಅಮೆರಿಕದ ಸಂಸತ್ತಿಗೆ ಇಬ್ಬರು ಮುಸ್ಲಿಂ ಮಹಿಳೆಯರು ಮೊದಲ ಬಾರಿಗೆ ಆಯ್ಕೆಯಾಗಿ ಬಂದರು. ಜೆಫರ್ಸನ್‌ನ ಪ್ರತಿಯನ್ನೇ ತರಿಸುತ್ತೇನೆ ಎಂದಿದ್ದ ರಶೀದಾ ತ್ಲೈಬ್ ಕೊನೆಗೆ ತಮ್ಮದೇ ಕುರಾನ್ ಹಿಡಿದರು. ಇಲ್ಹಾನ್ ಒಮರ್ ತಮ್ಮ ಅಜ್ಜನ ಕುರಾನ್ ತಂದರು. ಅವರ ತಲೆವಸ್ತ್ರಕ್ಕಾಗಿ ಸದನ 1837ರ ನಿಯಮವೊಂದನ್ನು ತಿದ್ದಿತು. ಪೂರ್ವಗ್ರಹವೇನೂ ಕರಗಿರಲಿಲ್ಲ, ಅವರ ಮೇಲಿನ ದಾಳಿ ಆಮೇಲೆ ಹೆಚ್ಚೇ ಆಯಿತು. ಆದರೂ ಎಲಿಸನ್ ಅವರ ಜಾಣತನಕ್ಕಿಂತ ಈ ಸರಳತೆ ನನಗೆ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ.

ಮುಂದಿನ ತಿಂಗಳು ನನ್ನ ಗೆಳೆಯನ ಪ್ರಬಂಧ ಮಂಡನೆ ಇದೆ. ಮೊನ್ನೆ ಕರಡು ಓದಲು ಕೊಟ್ಟಿದ್ದ. ಮೊದಲ ಪುಟದಲ್ಲಿ ಷರೀಫರಿದ್ದರು. ತೆಗೆದುಬಿಡು ಎಂದು ಅಂಚಿನಲ್ಲಿ ಬರೆಯಲು ಹೋದೆ. ಆಮೇಲೆ ಅನ್ನಿಸಿತು, ಆ ಹೆಸರು ಅಲ್ಲಿರಬೇಕಾಗಿಲ್ಲವೆಂದು ಹೇಳಬೇಕಾದದ್ದು ಅವನಿಗಲ್ಲ, ಎದುರು ಕುಳಿತು ಕೇಳುವ ನಮಗೆ. ಪೆನ್ನು ಕೆಳಗಿಟ್ಟು, ಪುಟ ತಿರುಗಿಸಿ, ಸಾಲದ ಅಧ್ಯಾಯ ಓದತೊಡಗಿದೆ.